ತೆರೆಯ ಮೇಲೆ ಮುಪ್ಪಾಗುವ ಹಕ್ಕು

(ಬಲಸಮುದ್ರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ದತ್ತಿ ಉಪನ್ಯಾಸ ಅಂದರೆ ವಚನ, ದಾಸಸಾಹಿತ್ಯ, ಜನಪದ ಎಂದು ನಮಗೆ ರೂಢಿಯಾಗಿಬಿಟ್ಟಿದೆ. ಟಿವಿ ನಿರೂಪಕರ ರೂಪಲಾವಣ್ಯದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರಲ್ಲೇ ಒಬ್ಬರು ‘ಅದೂ ಒಂದು ವಿಷಯವಾ ಸಾರ್’ ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಆದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಯಾವ ಹಳ್ಳಿಗೆ ಹೋದರೂ ಸಂಜೆ ಏಳರ ಮೇಲೆ ನಡುಮನೆಯಲ್ಲಿ ಬಂದು ಕೂರುವವರು ಇವರೇ. ನೆಂಟರು ವರ್ಷಕ್ಕೊಮ್ಮೆ ಬರುತ್ತಾರೆ, ಇವರು ದಿನಾ ಬರುತ್ತಾರೆ. ಯಾರನ್ನು ಒಳಗೆ ಕಳಿಸಬೇಕು, ಯಾರನ್ನು ಹೊರಗೇ ನಿಲ್ಲಿಸಬೇಕು ಎಂದು ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಕೂತವರು ತೀರ್ಮಾನ ಮಾಡುತ್ತಾರೆ. ಅವರ ಅಳತೆಗೋಲು ಯಾವುದು ಎಂದು ಕೇಳುವ ಅಧಿಕಾರ ಮನೆಯವರಿಗೆ ಇದ್ದೇ ಇದೆ.

‘ರೂಪಕ್ಕೆ ಬೆಲೆ ಅತಿಯಾಯಿತಾ?’ ಎಂಬುದಕ್ಕೆ ‘ಆಯಿತು’ ಎಂದುಬಿಟ್ಟರೆ ಚಪ್ಪಾಳೆ ಗ್ಯಾರಂಟಿ, ಉಪನ್ಯಾಸವೂ ಐದು ನಿಮಿಷದಲ್ಲಿ ಮುಗಿಯುತ್ತದೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಚೆಂದದ ಮುಖ ಕಂಡರೆ ಕಣ್ಣು ನಿಲ್ಲುತ್ತದೆ; ನಿಮ್ಮದೂ, ನನ್ನದೂ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಬೆಲೆಯನ್ನು ಯಾರಿಂದ ವಸೂಲು ಮಾಡುತ್ತಾರೆ, ಎಷ್ಟು ವರ್ಷ ಮಾಡುತ್ತಾರೆ ಎಂಬಲ್ಲಿ ತಕರಾರಿದೆ. ಗಂಡಸರಿಗೆ ಒಂದು ದರ, ಹೆಂಗಸರಿಗೆ ಇನ್ನೊಂದು. ಗಂಡಸಿನ ಮುಖ ಹಳೆಯದಾದಷ್ಟೂ ‘ಅನುಭವಿ’. ಹೆಂಗಸಿನದು ಹಳೆಯದಾದರೆ ‘ಫ್ರೆಶ್ ಫೇಸ್ ಬೇಕು’.

ಇದನ್ನು ಚಾನೆಲ್ಲುಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಊರಿನ ರಂಗದ ಮೇಲೇ ಇದು ನಡೆಯುತ್ತದೆ. ಬೇಸಿಗೆ ಜಾತ್ರೆಗಳ ಕಾಲ ಬಂತೆಂದರೆ ನಮ್ಮ ಕಡೆ ‘ಕುರುಕ್ಷೇತ್ರ’ ಆಡದ ಊರು ಕಮ್ಮಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಸೀನರಿಯವರು ಲಾರಿಯಲ್ಲಿ ಪರದೆ, ಕಿರೀಟ, ಗದೆ ತಂದಿಳಿಸುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಯೇ ದುಡ್ಡು ಕಟ್ಟುತ್ತಾನೆ. ಕೃಷ್ಣ, ದುರ್ಯೋಧನ ದುಬಾರಿ ಪಾತ್ರಗಳು. ಹೀಗಾಗಿ ಎಷ್ಟೋ ಸಲ ಕೃಷ್ಣನಾಗಿ ಬರುವವನು ಕಡಲೆಕಾಯಿ ಮಂಡಿಯ ಯಜಮಾನ, ಐವತ್ತು ದಾಟಿದ, ಹೊಟ್ಟೆ ಬಂದ ಆಸಾಮಿ. ನೀಲಿ ಬಳಿದ ಹೊಟ್ಟೆಯ ಮೇಲೆ ಡಾಬು ನಿಲ್ಲುವುದಿಲ್ಲ, ಜಾರಿ ಜಾರಿ ಕೆಳಗಿಳಿಯುತ್ತದೆ. ಮುಂದೆ ಚಾಪೆ ಹಾಸಿ ಕೂತ ಹುಡುಗರು ಕಿಸಕ್ಕನೆ ನಗುತ್ತಾರೆ. ಆತ ಕಂದಪದ್ಯ ಎತ್ತಿಕೊಂಡು ಮೇಲಿನ ಷಡ್ಜದಲ್ಲಿ ನಿಂತ ಅನ್ನಿ, ನಗು ಅಲ್ಲಿಗೆ ಬಂದ್. ಹಿಂದಿನಿಂದ ‘ಒನ್ಸ್ ಮೋರ್’ ಏಳುತ್ತದೆ. ಯಾರೋ ಮೇಲೆ ಹತ್ತಿ ನೂರರ ನೋಟನ್ನು ಎದೆಗೆ ಪಿನ್ನು ಚುಚ್ಚಿ ಬರುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ಅವನು ಕೃಷ್ಣ ಅಲ್ಲ ಎಂದರೆ ಆ ಹುಡುಗರೇ ಹೊಡೆಯಲು ಬರುತ್ತಾರೆ.

ಅದೇ ರಾತ್ರಿ, ಅದೇ ಪೆಂಡಾಲು. ದ್ರೌಪದಿಯ ಪಾತ್ರಕ್ಕೆ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಕಲಾವಿದೆಯನ್ನು ದುಡ್ಡು ಕೊಟ್ಟು ಕರೆಸಿರುತ್ತಾರೆ. ಆಕೆ ವ್ಯಾನಿಂದ ಇಳಿಯುವ ಮೊದಲೇ ಕೇಳುವ ಮಾತು: ‘ಹೀರೋಯಿನ್ನು ಹೆಂಗವ್ಳೆ?’ ಹಾಡು ಹೆಂಗೆ ಎಂದು ಯಾರೂ ಕೇಳುವುದಿಲ್ಲ. ಆಕೆ ಇಪ್ಪತ್ತು ವರ್ಷದಿಂದ ದ್ರೌಪದಿ ಮಾಡುತ್ತಿರುವವಳಾಗಿದ್ದರೆ ಅದೇ ಒಂದು ದೋಷ: ‘ಓ, ಅವಳಾ? ವಯಸ್ಸಾಯ್ತಲ್ಲ.’ ಮಂಡಿ ಯಜಮಾನನ ಹೊಟ್ಟೆಯನ್ನು ಒಂದು ಪದ್ಯಕ್ಕೆ ಮಾಫಿ ಮಾಡಿದ ಜನವೇ ಇವರು. ಮಾಫಿ ಮಾಡುವುದು ನಮಗೆ ಗೊತ್ತಿದೆ. ಯಾರಿಗೆ ಮಾಡಬೇಕು ಎನ್ನುವುದರಲ್ಲಿ ನಾವು ಜುಗ್ಗರು.

ನಮ್ಮ ತುಮಕೂರು ಜಿಲ್ಲೆಗೆ ಈ ವಿಷಯದಲ್ಲಿ ಮಾತಾಡುವ ಯೋಗ್ಯತೆ ಬೇರೆಯವರಿಗಿಂತ ಒಂದು ಕೈ ಜಾಸ್ತಿ. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು ಕಂಪನಿ ನಾಟಕಗಳಿಂದ ಬಂದು 1954ರ ‘ಬೇಡರ ಕಣ್ಣಪ್ಪ’ದಲ್ಲಿ ತೆರೆ ಏರಿದರು. ಮುಂಚಾಚಿದ ಹಲ್ಲು, ಸಣಕಲು ಮೈ. ಕನ್ನಡ ಸಿನಿಮಾ ಕಾಲು ಶತಮಾನ ಅವರನ್ನು ಬಿಟ್ಟಿರಲಿಲ್ಲ. ಪೋಸ್ಟರಿನ ಮೇಲೆ ಆ ಹಲ್ಲು ಕಂಡರೆ ಟಿಕೆಟ್ಟು ಹೋಗುತ್ತಿತ್ತು. ಅದೇ ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಉಮಾಶ್ರೀ. ಕಪ್ಪು ಮೈಬಣ್ಣದ ಈ ನಟಿಯನ್ನು ಚಿತ್ರರಂಗ ಬಹಳ ಕಾಲ ಹಾಸ್ಯದ ಪಾತ್ರಗಳಲ್ಲೇ, ಅದೂ ದ್ವಂದ್ವಾರ್ಥದ ಮಾತುಗಳಲ್ಲೇ ದುಡಿಸಿಕೊಂಡಿತು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂದು, ಅದಕ್ಕೆ ರಾಷ್ಟ್ರಪ್ರಶಸ್ತಿ ಸಿಕ್ಕಿ, ‘ಅಯ್ಯೋ, ಇಂಥ ನಟಿ ಇಲ್ಲೇ ಇದ್ದಳಾ’ ಎಂದು ಜನ ಬೆರಗಾಗುವಷ್ಟರಲ್ಲಿ ಅವರಿಗೆ ಐವತ್ತು ದಾಟಿತ್ತು. ಹಲ್ಲು ಗಂಡಸಿಗೆ ಬಂಡವಾಳವಾಯಿತು. ಬಣ್ಣ ಹೆಂಗಸಿಗೆ ಮೂವತ್ತು ವರ್ಷದ ಸುಂಕವಾಯಿತು. ಮುಂದೆ ಅವರು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನಾದರು. ಅದಕ್ಕೆ ಜನ ಚಾನೆಲ್ ಬದಲಾಯಿಸಿದರೇ? ಇಲ್ಲ, ಕಾದು ಕೂತು ನೋಡಿದರು.

ಸಿನಿಮಾ, ನಾಟಕದ ಮಾತು ಸಾಕು. ನಿರೂಪಕರ ಕಥೆ ಮುಖವೇ ಇಲ್ಲದ ಕಾಲದಿಂದ ಶುರುವಾಗುತ್ತದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಆರಂಭಿಸಿದ್ದು, 1955ರಲ್ಲಿ ಆ ನಿಲಯ ಬೆಂಗಳೂರಿಗೆ ಬಂದದ್ದು ನಿಮಗೆ ಗೊತ್ತಿರುವ ಇತಿಹಾಸ. ಆ ಮೇಲೆ ಪಂಚಾಯ್ತಿ ಕಟ್ಟೆಯ ರೇಡಿಯೊ ಮುಂದೆ ಕೂತವರಿಗೆ ದನಿಯೇ ಮನುಷ್ಯ. ಬೆಂಗಳೂರು ಆಕಾಶವಾಣಿಯಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಮಾತಾಡುತ್ತಿದ್ದಾಗ ಆ ಈರಣ್ಣನಿಗೆ ಒಂದೊಂದು ಊರಿನವರು ಒಂದೊಂದು ಮುಖ ಕೊಟ್ಟುಕೊಂಡಿದ್ದರು. ನಮ್ಮಲ್ಲಿ ಕೆಲವರಿಗೆ ಅವರು ಪೇಟ ಸುತ್ತಿದ ಪಟೇಲರಂತೆ, ಇನ್ನು ಕೆಲವರಿಗೆ ಬೀಡಿ ಸೇದುವ ಕೂಲಿಯ ಮುದುಕನಂತೆ. ಮುಖ ಕಟ್ಟುವ ಕೆಲಸ ಕೇಳುಗನ ಪಾಲಿನದಾಗಿತ್ತು, ಅದಕ್ಕೆ ಖರ್ಚೂ ಇರಲಿಲ್ಲ.

ಆ ಆಕಾಶವಾಣಿಯಲ್ಲಿ ಇನ್ನೊಂದು ಪದ್ಧತಿ ಇತ್ತು. ಸಂಗೀತದ ಆಡಿಷನ್ನಿನಲ್ಲಿ ಹಾಡುವವರ ಮುಖ, ಹೆಸರು ತೀರ್ಪುಗಾರರಿಗೆ ತಿಳಿಯದ ಹಾಗೆ, ನಡುವೆ ಗೋಡೆಯಿಟ್ಟಂತೆ, ದನಿಯನ್ನಷ್ಟೇ ಕೇಳಿಸುವುದು. ಬಿ.ವಿ. ಕೇಸ್ಕರ್ ಪ್ರಸಾರ ಸಚಿವರಾಗಿದ್ದ ಐವತ್ತರ ದಶಕದಲ್ಲಿ ಇದು ಬಂದಾಗ ದೊಡ್ಡ ದೊಡ್ಡ ವಿದ್ವಾಂಸರು ಸಿಟ್ಟಾದರು. ಸಿಟ್ಟಿನಲ್ಲೂ ಅರ್ಥವಿತ್ತು, ಹೆಸರಾಂತ ವಿದ್ವಾಂಸರಿಗೆ ಪರೀಕ್ಷೆಯೇ ಅವಮಾನ. ಹೆಸರಿಲ್ಲದವರ ಪಾಲಿಗೆ ಮಾತ್ರ ಆ ಗೋಡೆ ಒಂದು ರಕ್ಷೆಯಾಗಿತ್ತು. ಈ ಪದ್ಧತಿಯ ಮಾತು ಮುಂದೆ ಬೇಕಾಗುತ್ತದೆ.

ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಕಲಬುರಗಿ ಕಡೆಯವರು ನಮಗಿಂತ ಮೊದಲೇ ಟಿವಿ ನೋಡಿದವರು. 1975–76ರ ಸೈಟ್ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆ ಸೀಮೆಯ ಹಳ್ಳಿಗಳಿಗೆ ಕಾರ್ಯಕ್ರಮ ಬರುತ್ತಿತ್ತು. ನಮ್ಮಲ್ಲಿ ಒಬ್ಬ ಮಾಳಿಗೆ ಮೇಲೆ ಆಂಟೆನಾ ತಿರುಗಿಸಿ, ಇನ್ನೊಬ್ಬ ಒಳಗಿಂದ ‘ಬಂತು, ಬಂತು, ಹೋಯ್ತು’ ಎನ್ನುವ ಕಾಲ ಆಮೇಲೆ ಬಂತು. ಆ ಚುಕ್ಕಿ ಚುಕ್ಕಿ ಪರದೆಯಲ್ಲಿ ವಾರ್ತೆ ಓದುವವರ ಮೂಗು ಯಾವುದು ಕಿವಿ ಯಾವುದು ಎಂದು ತಿಳಿಯುವುದೇ ಕಷ್ಟವಿತ್ತು, ಲಾವಣ್ಯ ದೂರದ ಮಾತು. ಕೃಷಿ ಕಾರ್ಯಕ್ರಮದಲ್ಲಿ ವಿಜ್ಞಾನಿಯೊಬ್ಬರು ಬಂದು ಕಡಲೆಕಾಯಿಗೆ ಬೀಳುವ ಕೆಂಪುತಲೆ ಕಂಬಳಿಹುಳುವಿನ ಬಗ್ಗೆ ಹೇಳುತ್ತಿದ್ದರೆ ಪಾವಗಡದ ರೈತನ ಕಣ್ಣು ಹುಳುವಿನ ಮೇಲಿರುತ್ತಿತ್ತು.

ಮುಖ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ದೂರದರ್ಶನ 1987ರಲ್ಲಿ ಕಿವುಡರಿಗಾಗಿ ವಾರ್ತೆ ಆರಂಭಿಸಿತು. ಅದನ್ನು ನೋಡಿದವರಿಗೆ ಮುಖ ಎಷ್ಟು ಕೆಲಸ ಮಾಡಬಲ್ಲದು ಎಂದು ಗೊತ್ತು. ಸನ್ನೆಯ ಭಾಷೆಯಲ್ಲಿ ಕೈಯಷ್ಟೇ ಹುಬ್ಬೂ ಮಾತಾಡಬೇಕು, ತುಟಿಯೂ ಮಾತಾಡಬೇಕು. ಪ್ರಶ್ನೆ ಕೇಳುವಾಗ ಹುಬ್ಬು ಮೇಲೇರಬೇಕು, ಸಾವಿನ ಸುದ್ದಿಗೆ ಮುಖ ಇಳಿಯಬೇಕು. ಮುಖ ಅಲ್ಲಿ ಉಪಕರಣ. ಇಂಥ ಮುಖ ಎಲ್ಲ ನಿರೂಪಕರಿಗೂ ಬೇಕು. ಈಗ ನಾವು ಕೇಳುತ್ತಿರುವುದು ಬೇರೆ ಮುಖ. ರೈಲು ಹಳಿ ತಪ್ಪಿದ ಸುದ್ದಿಗೂ ತಾರೆಯ ಮದುವೆಯ ಸುದ್ದಿಗೂ ಒಂದೇ ಹೊಳಪಿನಲ್ಲಿ ನಿಲ್ಲುವ, ಬಣ್ಣ ಒಡೆದೀತೆಂದು ಹುಬ್ಬನ್ನೂ ಗಂಟಿಕ್ಕದ ಮುಖ.

ನಿರೂಪಕಿ ಅಪರ್ಣಾ ಅವರನ್ನು ಇಲ್ಲಿ ನೆನೆಯಬೇಕು. 2024ರ ಜುಲೈ 11ರಂದು ತೀರಿಕೊಂಡಾಗ ಅವರಿಗೆ ಇನ್ನೂ ಅರವತ್ತಾಗಿರಲಿಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಮೂಲದವರು. ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ ‘ಮಸಣದ ಹೂವು’ ಮೂಲಕ ಬಂದವರು. ರೂಪ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ರೂಪದ ಮೇಲೆ ನಿಂತು ಯಾರಿಗೂ ಎಂಟು ಗಂಟೆ ಸತತ ನಿರೂಪಣೆ ಮಾಡಲಾಗುವುದಿಲ್ಲ; 1998ರ ದೀಪಾವಳಿಯ ದೂರದರ್ಶನ ಕಾರ್ಯಕ್ರಮದಲ್ಲಿ ಅವರು ಅದನ್ನು ಮಾಡಿದ್ದರು. ಅವರ ಕನ್ನಡದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ತಮ್ಮ ತಮ್ಮ ಜಾಗದಲ್ಲಿರುತ್ತಿದ್ದವು, ಹಾಗಂತ ಮಾತು ಗ್ರಂಥದ ಹಾಗೆ ಕೇಳುತ್ತಿರಲಿಲ್ಲ. ಸರಕಾರಿ ಸಮಾರಂಭವೊಂದನ್ನು, ಮಂತ್ರಿಗಳು ಬರುವುದು ಒಂದು ಗಂಟೆ ತಡವಾದಾಗ, ಸಭೆ ಚದುರದ ಹಾಗೆ ಹಿಡಿದಿಡುವುದು ಎಂಥ ಕೆಲಸ ಎಂದು ಮೈಕು ಹಿಡಿದವರಿಗೆ ಗೊತ್ತು.

ಆಮೇಲೆ ಏನಾಯಿತು ನೋಡಿ. 2013ರಲ್ಲಿ ಕನ್ನಡದ ‘ಬಿಗ್ ಬಾಸ್’ ಶುರುವಾಯಿತು. ನಿರೂಪಣೆ ನಟ ಸುದೀಪ್ ಅವರದು. ಇಪ್ಪತ್ತು ವರ್ಷಕ್ಕೂ ಹೆಚ್ಚು ನಿರೂಪಣೆಯನ್ನೇ ಉಸಿರಾಡಿದ ಅಪರ್ಣಾ ಅದರಲ್ಲಿ ಸ್ಪರ್ಧಿ. ನಂತರ ‘ಮಜಾ ಟಾಕೀಸ್’ನ ವರಲಕ್ಷ್ಮಿಯಾಗಿ ಜನರನ್ನು ನಗಿಸಿದರು, ಅದ್ಭುತವಾಗಿಯೇ. ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಯಾವುದು ಎಂದು ಕನ್ನಡದಲ್ಲಿ ಹೇಳುವ ದನಿಯೂ ಅವರದೇ ಆಗಿತ್ತು. ಯಾರೋ ಅವರಿಗೆ ಅನ್ಯಾಯ ಮಾಡಿದರು ಎಂದು ನಾನು ಆರೋಪಿಸುತ್ತಿಲ್ಲ. ಅವರು ಆಯ್ದುಕೊಂಡ ಕೆಲಸಗಳು ಅವರವು. ಆದರೆ ಕನ್ನಡದ ಅತ್ಯುತ್ತಮ ನಿರೂಪಕಿ ಎಂದು ನಾವೆಲ್ಲ ಒಪ್ಪಿದ ಹೆಂಗಸಿಗೆ ಐವತ್ತರ ಮೇಲೆ ರಾತ್ರಿ ಒಂಬತ್ತರ ದೊಡ್ಡ ಕಾರ್ಯಕ್ರಮವೊಂದರ ಕುರ್ಚಿಯನ್ನು ‘ಇದು ನಿಮ್ಮದು’ ಎಂದು ಹಾಕಿಕೊಟ್ಟದ್ದು ನನಗೆ ನೆನಪಿಲ್ಲ. ನಿಮಗೆ ನೆನಪಿದ್ದರೆ ಸಭೆ ಮುಗಿದ ಮೇಲೆ ಹೇಳಿ.

ಗಂಡಸರ ಕಡೆ ಬನ್ನಿ. ದೂರದರ್ಶನದ ಕನ್ನಡ ವಾಹಿನಿ ಚಂದನದಲ್ಲಿ 2002ರಿಂದ ‘ಥಟ್ ಅಂತ ಹೇಳಿ’ ನಡೆಸಿದ ಡಾ. ನಾ. ಸೋಮೇಶ್ವರ ವೈದ್ಯರು. ಸರಿಯುತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮವನ್ನು ಸಾವಿರಾರು ಕಂತು ಎಳೆದವರು. ಅವರಿಗೆ ಕೂದಲು ನೆರೆತಾಗ ಚಂದನಕ್ಕೆ ಯಾರಾದರೂ ಕಾಗದ ಬರೆದರೇ? ಈಟಿವಿ ವಾಹಿನಿಯಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾತ್ರವೇ ಒಂದು ಆತ್ಮೀಯತೆ ಎನಿಸುತ್ತಿತ್ತು. ತಪ್ಪು ಹಾಡಿದ ಮಗುವನ್ನು ಹತ್ತಿರ ಕರೆದು ತಿದ್ದುವಾಗ ಅದು ದೊಡ್ಡಪ್ಪನ ಗಾತ್ರ. ರವಿ ಬೆಳಗೆರೆ ಗಡ್ಡ ಬಿಟ್ಟುಕೊಂಡು, ಒರಟು ದನಿಯಲ್ಲಿ ‘ಕ್ರೈಂ ಡೈರಿ’ ಹೇಳುತ್ತಿದ್ದರೆ ಹೊರಗೆ ನಾಯಿ ಬೊಗಳಿದರೂ ಮನೆಯವರು ಬೆಚ್ಚುತ್ತಿದ್ದರು. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ 2000ದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಶುರುಮಾಡಿದಾಗ ಅವರಿಗೆ 57. ಎಂಬತ್ತು ದಾಟಿದ ಮೇಲೂ ಅದೇ ಕುರ್ಚಿ.

‘ಹೆಂಗಸರೂ ಇದ್ದಾರಲ್ಲ, ನಟಿ ಲಕ್ಷ್ಮಿ ಸುವರ್ಣ ವಾಹಿನಿಯಲ್ಲಿ ಸಂಸಾರದ ಜಗಳ ಬಿಡಿಸುವ ಕಾರ್ಯಕ್ರಮ ನಡೆಸಲಿಲ್ಲವೇ’ ಎಂದು ಕೇಳಬಹುದು. ನಡೆಸಿದರು, ಗಟ್ಟಿಯಾಗಿಯೇ ನಡೆಸಿದರು. ಅವರು ಟಿವಿಗೆ ಬರುವಾಗಲೇ ‘ಜೂಲಿ’ ಲಕ್ಷ್ಮಿಯಾಗಿ ದಶಕಗಳ ಪರಿಚಯ ಹೊತ್ತು ಬಂದಿದ್ದರು. ಈ ಪರಿಚಯ ಅನ್ನುವುದೇ ನನ್ನ ಮಾತಿನ ತಿರುಳು. ಚೆಂದ ಮೊದಲ ನಿಮಿಷದ ವ್ಯವಹಾರ. ಆಮೇಲಿನದು ಪರಿಚಯದ ವ್ಯವಹಾರ. ‘ನೋಡ್ತಾ ನೋಡ್ತಾ ಚೆಂದ ಆದ’ ಎಂದು ನಮ್ಮ ಹೆಂಗಸರು ಮದುವೆಯಾಗಿ ಬಂದ ಮನೆಯ ಗಂಡನ ಬಗ್ಗೆ ಹೇಳುವ ಮಾತನ್ನು ರಾಬರ್ಟ್ ಝಾಯೊಂಕ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ಪ್ರಯೋಗ ಮಾಡಿ ತೋರಿಸಿದ. ಅಪರಿಚಿತ ಗಂಡಸರ ಫೋಟೊಗಳಲ್ಲಿ ಕೆಲವನ್ನು ಹೆಚ್ಚು ಸಲ, ಕೆಲವನ್ನು ಕಮ್ಮಿ ಸಲ ತೋರಿಸಿದ. ಹೆಚ್ಚು ಸಲ ಕಂಡ ಮುಖವೇ ಹೆಚ್ಚು ಹಿಡಿಸಿತು. ಮೊದಲ ನಿಮಿಷಕ್ಕೂ ವಿಜ್ಞಾನದ ಸಾಕ್ಷಿಯಿದೆ: 1920ರಲ್ಲಿ ಥಾರ್ನ್‌ಡೈಕ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದಾಗ, ಮೈಕಟ್ಟಿಗೆ ಒಳ್ಳೆಯ ಅಂಕ ಪಡೆದವರಿಗೇ ಬುದ್ಧಿಗೂ ನಡತೆಗೂ ಒಳ್ಳೆಯ ಅಂಕ ಬಿದ್ದಿತ್ತು. ಎರಡೂ ನಿಜ. ಟಿವಿಯವರು ಗಂಡಸಿಗೆ ಝಾಯೊಂಕನ ಲೆಕ್ಕ ಹಾಕುತ್ತಾರೆ, ಹೆಂಗಸಿಗೆ ಥಾರ್ನ್‌ಡೈಕನ ಲೆಕ್ಕ. ಅವನಿಗೆ ಪರಿಚಯ ಬೆಳೆಯಲು ಇಪ್ಪತ್ತು ವರ್ಷ. ಇವಳಿಗೆ ಮೊದಲ ನಿಮಿಷವೇ ಮತ್ತೆ ಮತ್ತೆ, ಪ್ರತಿ ವರ್ಷ ಹೊಸದಾಗಿ ಪರೀಕ್ಷೆ.

ಇದು ಕನ್ನಡದ ರೋಗವೊಂದೇ ಅಲ್ಲ. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಕ್ರಿಸ್ಟೀನ್ ಕ್ರಾಫ್ಟ್ ಎಂಬ ವಾರ್ತಾ ನಿರೂಪಕಿಯನ್ನು 1981ರಲ್ಲಿ ಕುರ್ಚಿಯಿಂದ ಇಳಿಸಿದರು. ವೀಕ್ಷಕರ ಸಮೀಕ್ಷೆ ತೋರಿಸಿ, ವಯಸ್ಸು ಹೆಚ್ಚು, ರೂಪ ಕಮ್ಮಿ, ಗಂಡಸರ ಮುಂದೆ ತಗ್ಗುವುದಿಲ್ಲ ಎಂದು ಹೇಳಿದರು ಎಂಬುದು ಆಕೆಯ ದೂರು. ಆಗ ಆಕೆಗೆ ನಲವತ್ತೂ ಆಗಿರಲಿಲ್ಲ. ಜ್ಯೂರಿ ಆಕೆಯ ಪರ 5 ಲಕ್ಷ ಡಾಲರ್ ಪರಿಹಾರ ಹೇಳಿತು. ಕೊನೆಗೆ ಅದು ನಿಲ್ಲಲಿಲ್ಲ. ಇಂಗ್ಲೆಂಡಿನ ಪ್ರಕರಣ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ಹೊಲಗದ್ದೆಯ ಕಾರ್ಯಕ್ರಮದ್ದು. ಬಿಬಿಸಿಯ ‘ಕಂಟ್ರಿಫೈಲ್’ 2009ರಲ್ಲಿ ಭಾನುವಾರದ ಬೆಳಗಿನಿಂದ ಸಂಜೆಯ ಮುಖ್ಯ ಹೊತ್ತಿಗೆ ಬಂದಾಗ ಐವತ್ತು ದಾಟಿದ ಮಿರಿಯಮ್ ಓರೈಲಿಯವರನ್ನು ಕೈಬಿಟ್ಟರು. ಎಚ್‌ಡಿ ಬಂದರೆ ಸುಕ್ಕುಗಳ ಬಗ್ಗೆ ಎಚ್ಚರ ಎಂದು ತನಗೆ ಹೇಳಲಾಗಿತ್ತು ಎಂದು ಆಕೆ ನ್ಯಾಯಮಂಡಳಿಯ ಮುಂದೆ ಹೇಳಿದರು. ಅದೇ ಕಾರ್ಯಕ್ರಮದ ಜಾನ್ ಕ್ರೇವನ್ ಆಕೆಗಿಂತ ಎಷ್ಟೋ ಹಿರಿಯರು, ಅವರು ಉಳಿದರು. 2011ರ ಜನವರಿಯಲ್ಲಿ ವಯಸ್ಸಿನ ತಾರತಮ್ಯ ನಡೆದಿದೆ ಎಂದು ತೀರ್ಪು ಬಂತು. ಹೆಣ್ಣೆಂಬ ಕಾರಣದ ತಾರತಮ್ಯ ಮಾತ್ರ ಸಾಬೀತಾಗಲಿಲ್ಲ ಎಂದರು. ಕುರಿ, ಗೋಧಿ, ಹೈನು ತೋರಿಸಲು ಸುಕ್ಕಿಲ್ಲದ ಮುಖವೇ ಯಾಕೆ ಬೇಕೋ! ಕುರಿಗಂತೂ ಬೇಕಿಲ್ಲ.

ಆಸ್ಟ್ರೇಲಿಯಾದ ಕಾರ್ಲ್ ಸ್ಟೆಫಾನೊವಿಚ್ ಮಾಡಿದ್ದು ನನಗೆ ಬಹಳ ಇಷ್ಟ. ಬೆಳಗಿನ ಕಾರ್ಯಕ್ರಮದಲ್ಲಿ ಜೊತೆಗಿದ್ದ ನಿರೂಪಕಿಯ ಬಟ್ಟೆಯ ಬಗ್ಗೆ ದಿನಾ ಟೀಕೆ ಬರುವುದನ್ನು ನೋಡಿ, ಈತ ಒಂದು ವರ್ಷ ಹೆಚ್ಚುಕಮ್ಮಿ ದಿನಾ ಒಂದೇ ನೀಲಿ ಸೂಟು ಹಾಕಿಕೊಂಡು ಬಂದ. 2014ರಲ್ಲಿ ತಾನೇ ಬಾಯಿಬಿಟ್ಟು ಹೇಳುವವರೆಗೆ ಒಬ್ಬ ವೀಕ್ಷಕನೂ ಗಮನಿಸಿರಲಿಲ್ಲ. ಆ ಸೂಟು ಎಷ್ಟು ನಾರುತ್ತಿತ್ತೋ, ಅದು ಬೇರೆ ಮಾತು.

ನಮ್ಮ ದೇಶದಲ್ಲಿ ವಯಸ್ಸಿನ ಜೊತೆಗೆ ಬಣ್ಣವೂ ಸೇರುತ್ತದೆ. 2003ರ ವಿಶ್ವಕಪ್ ಸುತ್ತಿನ ದಿನಗಳಲ್ಲಿ ಫೇರ್ ಆ್ಯಂಡ್ ಲವ್ಲಿಯ ಜಾಹೀರಾತೊಂದು ಬರುತ್ತಿತ್ತು. ಕ್ರಿಕೆಟ್ ವೀಕ್ಷಕ ವಿವರಣೆ ಕೊಡುವ ಆಸೆ ಹೊತ್ತ ಹುಡುಗಿ, ಕ್ರೀಮು ಹಚ್ಚಿ ಬೆಳ್ಳಗಾಗಿ, ಕೃಷ್ಣಮಾಚಾರಿ ಶ್ರೀಕಾಂತ್ ಪಕ್ಕದಲ್ಲಿ ಕೂರುತ್ತಾಳೆ. ಆಫ್‌ಸೈಡ್ ಯಾವುದು, ಗೂಗ್ಲಿ ಯಾವುದು ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಕೊರತೆ ಇದ್ದದ್ದು ಕೆನ್ನೆಯಲ್ಲಿ ಎಂದು ಆ ಟ್ಯೂಬು ಹೇಳಿತು. ನಾವು ಮನೆಮಂದಿಯೆಲ್ಲ ಕೂತು ನೋಡಿದೆವು. ಕಪ್ಪುಬಣ್ಣದವರನ್ನು ಕೀಳಾಗಿ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. 2020ರಲ್ಲಿ ಕ್ರೀಮು ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಇಟ್ಟುಕೊಂಡಿತು.

‘ಕ್ಯಾಮೆರಾಗೆ ಕಪ್ಪು ಒಗ್ಗಲ್ಲ ಸಾರ್’ ಎಂದು ತಂತ್ರಜ್ಞರು ಹೇಳುವುದುಂಟು. ಕೊಡಾಕ್ ಕಂಪನಿ 1950ರ ದಶಕದಿಂದ ಬಣ್ಣ ಹೊಂದಿಸಲು ಬೆಳ್ಳನೆಯ ಹೆಂಗಸೊಬ್ಬಳ ಚಿತ್ರದ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅವಳ ಚರ್ಮ ಸರಿ ಕಂಡರೆ ಬಣ್ಣ ಸರಿ. ಅಂದರೆ ಒಗ್ಗದಿರುವುದು ಗಾಜಿನ ಗುಣವಲ್ಲ, ಅದನ್ನು ಹೊಂದಿಸಿದ ಕೈಯ ಗುಣ. ನಮ್ಮ ಮೂಡಲಪಾಯ ಯಕ್ಷಗಾನದ ಕಲಾವಿದರು ಪಂಜಿನ ಬೆಳಕಿಗೆ ಒಪ್ಪುವಂತೆ ಮುಖಕ್ಕೆ ಬಣ್ಣ ಬಳಿದುಕೊಂಡಾಗ ಬೆಳಕಿಗೆ ತಕ್ಕ ಬಣ್ಣವನ್ನು ಹುಡುಕಿದ್ದರು. ಇವತ್ತಿನ ಸ್ಟುಡಿಯೊದಲ್ಲಿ ಬೆಳಕು ಬದಲಾಯಿಸಲು ಒಂದು ಗುಂಡಿ ಒತ್ತಿದರೆ ಸಾಕು. ಆದರೂ ಮನುಷ್ಯರನ್ನೇ ಬದಲಾಯಿಸುತ್ತಾರೆ.

ನಾನು ಕೆಲವು ಕಾಲ ಪತ್ರಿಕೋದ್ಯಮ ಪಾಠ ಮಾಡಿದವನು. ಸಿರಾ ಕಡೆಯ ಒಬ್ಬ ಹುಡುಗಿ ನನ್ನ ತರಗತಿಯಲ್ಲಿದ್ದಳು. ಮನೆಯಲ್ಲಿ ‘ಅಂಗೆ, ಇಂಗೆ, ಓಯ್ತೀನಿ, ಬತ್ತೀನಿ’. ಮೈಕಿನ ಮುಂದೆ ಕೂತರೆ ಒಂದು ‘ಹ’ ಜಾರುವುದಿಲ್ಲ, ಒಂದು ‘ಷ’ ಸವೆಯುವುದಿಲ್ಲ. ಸುದ್ದಿವಾಹಿನಿಯೊಂದರ ಸ್ಕ್ರೀನ್ ಟೆಸ್ಟಿಗೆ ಹೋದಳು. ಮೇಕಪ್ಪಿನವನ ಹತ್ತಿರ ಇವಳ ಬಣ್ಣದ ಪ್ಯಾನ್‌ಕೇಕ್ ಇರಲಿಲ್ಲ, ಇದ್ದದ್ದರಲ್ಲೇ ಬೆಳ್ಳನೆಯದನ್ನು ಮುಖಕ್ಕೆ ಬಳಿದ. ಕುತ್ತಿಗೆ ಅರ್ಧ ಮುಗಿಯಿತು, ಕೈಗೆ ಬರಲೇ ಇಲ್ಲ. ಮಾನಿಟರಿನಲ್ಲಿ ನೋಡಿದರೆ ಮುಖ ಒಬ್ಬಳದು, ಕಾಗದ ಹಿಡಿದ ಕೈ ಇನ್ನೊಬ್ಬಳದು. ಟಾಕ್‌ಬ್ಯಾಕಿನಲ್ಲಿ ನಿರ್ಮಾಪಕರ ದನಿ ಬಂತಂತೆ: ‘ಕೈ ಟೇಬಲ್ ಕೆಳಗಿಡಮ್ಮ.’ ಓದಿದ್ದು ಚೆನ್ನಾಗಿದೆ, ಸ್ಕ್ರೀನ್ ಪ್ರೆಸೆನ್ಸ್ ಇಲ್ಲ ಎಂದರು. ಓದಿದ್ದು ಚೆನ್ನಾಗಿದ್ದರಿಂದ ಪೂರ್ತಿ ಕೈಬಿಡಲಿಲ್ಲ, ಡೆಸ್ಕಿನಲ್ಲಿ ಕೂರಿಸಿದರು. ಈಗ ಅವಳು ಆ್ಯಂಕರುಗಳಿಗೆ ಪ್ರಾಂಪ್ಟರಿನಲ್ಲಿ ಓಡುವ ಸಾಲು ಬರೆಯುತ್ತಾಳೆ, ದಿನಕ್ಕೆ ಹತ್ತಾರು ಸ್ಟೋರಿಗಳಿಗೆ ವಾಯ್ಸ್ ಓವರ್ ಕೊಡುತ್ತಾಳೆ. ಊರಲ್ಲಿ ಅವಳ ಅಜ್ಜಿ ಟಿವಿ ಮುಂದೆ ಕೂತು, ‘ಮಾತು ಕೇಳ್ತದೆ, ಮೊಕ ಮಾತ್ರ ಬರಾಕಿಲ್ವಲ್ಲ’ ಅನ್ನುತ್ತಾರಂತೆ. ಈ ಹುಡುಗಿ ನಮ್ಮ ಆಡುಮಾತನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು, ಅದು ಇನ್ನೊಂದು ಸುಂಕ. ನಮ್ಮ ಸೀಮೆಯ ಮಾತು, ಪಾವಗಡದ ತೆಲುಗು ಬೆರೆತ ಕನ್ನಡ, ಟಿವಿಯಲ್ಲಿ ಎರಡೇ ಕಡೆ ಕೇಳುತ್ತದೆ: ಕಾಮಿಡಿ ಶೋದಲ್ಲಿ, ಇಲ್ಲವೇ ಬೆಳೆ ಒಣಗಿದಾಗ ರೈತನ ಬಾಯಿಗೆ ಹಿಡಿದ ಮೈಕಿನಲ್ಲಿ.

ಮಾಲೀಕರ ಉತ್ತರ ಗೊತ್ತಿರುವುದೇ: ‘ಜನ ಕೇಳ್ತಾರೆ, ನಾವು ಕೊಡ್ತೀವಿ. ಟಿಆರ್‌ಪಿ ನೋಡಿ.’ ದೇಶದ ಕೋಟ್ಯಂತರ ಮನೆಗಳ ಪರವಾಗಿ ಕೆಲವು ಹತ್ತು ಸಾವಿರ ಮನೆಗಳಲ್ಲಿ ಮೀಟರು ಕೂತಿದೆ. ಆ ಮೀಟರು ಯಾವ ಹೊತ್ತಿಗೆ ಯಾವ ಚಾನೆಲ್ ಓಡುತ್ತಿತ್ತು ಎಂದು ಹೇಳಬಲ್ಲದು. ಯಾಕೆ ಓಡುತ್ತಿತ್ತು ಎಂದು ಹೇಳಲಾರದು. ಮುಖಕ್ಕೋ, ಸುದ್ದಿಗೋ, ರಿಮೋಟಿನ ಸೆಲ್ಲು ಮುಗಿದಿತ್ತೋ ಅದಕ್ಕೆ ತಿಳಿಯದು. ಅದಕ್ಕಿಂತ ದೊಡ್ಡ ಮಾತು, ಐವತ್ತೈದರ ಹೆಂಗಸು, ಕಪ್ಪು ಬಣ್ಣದ ಹೆಂಗಸು ರಾತ್ರಿ ಒಂಬತ್ತರ ವಾರ್ತೆಯನ್ನು ಐದು ವರ್ಷ ಓದಿದ ಉದಾಹರಣೆಯೇ ಅವರ ಕೈಯಲ್ಲಿಲ್ಲ. ಕೊಟ್ಟೇ ನೋಡದ್ದನ್ನು ಜನ ಬೇಡ ಅಂದರು ಎನ್ನುವುದು ಯಾವ ಲೆಕ್ಕ? ಇತ್ತ ಧಾರಾವಾಹಿಯಲ್ಲಿ ಪುಟ್ಟಕ್ಕನನ್ನು ಕೊಟ್ಟು ನೋಡಿದರು, ಜನ ತಗೊಂಡರು.

2023ರ ಜುಲೈನಲ್ಲಿ ಕನ್ನಡದ ಪವರ್ ಟಿವಿ ಯಂತ್ರಬುದ್ಧಿಯ ನಿರೂಪಕಿಯನ್ನು ತಂದಿತು. ಹೆಸರು ಸೌಂದರ್ಯ. ಅದೇ ತಿಂಗಳು ಒಡಿಶಾದಲ್ಲಿ ಲಿಸಾ ಬಂದಳು, ಹಿಂದಿಯಲ್ಲಿ ಅದಕ್ಕೂ ಮೊದಲೇ ಸನಾ ಬಂದಿದ್ದಳು. ಹೆಣ್ಣು ರೂಪವೇ, ಎಳೆಯ ವಯಸ್ಸೇ, ತಿಳಿಬಣ್ಣವೇ. ಎಪ್ಪತ್ತರ ನೆರೆಗೂದಲಿನ ಯಂತ್ರ ಸೋಮಣ್ಣನನ್ನು ಯಾರೂ ಮಾಡಲಿಲ್ಲ. ಹೊಸದಾಗಿ, ಯಾವ ಮುಖ ಬೇಕಾದರೂ ಕೊಡಬಹುದಾಗಿದ್ದಾಗಲೂ ಇವರು ಕೊಟ್ಟದ್ದು ಅದೇ ಮುಖ. ಸೌಂದರ್ಯಳಿಗೆ ಹೆರಿಗೆ ರಜೆ ಬೇಡ, ವಯಸ್ಸಾಗುವುದಿಲ್ಲ, ಬೈದರೆ ಅಳುವುದಿಲ್ಲ. ಈ ಕೆಲಸಕ್ಕೆ ರೂಪವೇ ಮುಖ್ಯವಾಗಿದ್ದರೆ ಇಷ್ಟರಲ್ಲಿ ಎಲ್ಲ ಚಾನೆಲ್ಲುಗಳ ಎಲ್ಲ ಆ್ಯಂಕರುಗಳೂ ಮನೆ ಸೇರಬೇಕಿತ್ತು. ಸೇರಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದ ಸಂತ್ರಸ್ತ ತಾಯಿ ಇದ್ದಕ್ಕಿದ್ದಂತೆ ಅತ್ತಾಗ ಎರಡು ಕ್ಷಣ ಏನೂ ಮಾತಾಡದೆ ಇರಬೇಕು ಎಂದು ಆ ಸುಂದರಿಗೆ ಗೊತ್ತಾಗುವುದಿಲ್ಲ. ನಮ್ಮ ಕೆಲವು ಮನುಷ್ಯ ಆ್ಯಂಕರುಗಳಿಗೂ ಗೊತ್ತಾಗುವುದಿಲ್ಲ ಅನ್ನಿ.

ಹಾಗಾದರೆ ಮಾಡಬೇಕಾದದ್ದೇನು? ಖಾಸಗಿ ವಾಹಿನಿಗಳಿಗೆ ನಾನು ಉಪದೇಶ ಮಾಡಲಾರೆ, ಅವರ ದುಡ್ಡು ಅವರದು. ದೂರದರ್ಶನ ನಮ್ಮ ದುಡ್ಡಿನದು. ಚಂದನಕ್ಕೆ ನಿರೂಪಕರನ್ನು ಆರಿಸುವಾಗ ಆಕಾಶವಾಣಿಯ ಆ ಹಳೆಯ ಗೋಡೆಯನ್ನು ಮತ್ತೆ ಎಬ್ಬಿಸಲಿ. ಮೊದಲ ಸುತ್ತು ಬರೀ ದನಿ. ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ, ಮುಖವಿಲ್ಲ. ಓದು, ಉಚ್ಚಾರ, ಕೈಯಲ್ಲಿ ಬರೆದದ್ದಿಲ್ಲದಾಗ ಮಾತಾಡುವ ತಾಕತ್ತು, ಇಷ್ಟೇ. ಅದರಲ್ಲಿ ಗೆದ್ದವರನ್ನಷ್ಟೇ ಕ್ಯಾಮೆರಾ ಮುಂದೆ ಕೂರಿಸಲಿ, ಅವರವರ ಚರ್ಮಕ್ಕೆ ತಕ್ಕ ಬಣ್ಣ, ತಕ್ಕ ಬೆಳಕು ಕೊಟ್ಟು. ಆರಿಸಿದ ಮೇಲೆ ಕನಿಷ್ಠ ಐದು ವರ್ಷ ಅದೇ ಹೊತ್ತಿಗೆ ಅದೇ ಕುರ್ಚಿ ಸಿಗಲಿ, ಮಧ್ಯೆ ‘ಫ್ರೆಶ್ ಫೇಸ್’ ಎಂಬ ಮಾತು ಬರಬಾರದು. ಐದು ವರ್ಷದ ನಂತರ ಬಲಸಮುದ್ರಕ್ಕೆ ಬಂದು, ಆ ನಿರೂಪಕಿ ಹೇಗಿದ್ದಾರೆ ಎಂದು ಕೇಳಲಿ. ಅಷ್ಟರಲ್ಲಿ ನಮ್ಮ ಹೆಂಗಸರು ಆಕೆಯನ್ನು ಹೆಸರು ಹಿಡಿದು ಅಕ್ಕ ಎಂದೋ, ಚಿಕ್ಕಮ್ಮ ಎಂದೋ ಕರೆಯುತ್ತಿರುತ್ತಾರೆ. ಆ ಮಾತು ಬಂದ ಮೇಲೆ ಬಣ್ಣದ ಪ್ರಶ್ನೆಗೆ ಉತ್ತರ ಹೇಳುವ ತಾಳ್ಮೆ ಅವರಿಗಿರುವುದು ಅನುಮಾನ.